ತುಪ್ಪವೂ ಹಾಲೇ

ಕೆಲಸಕ್ಕೆ ಸೇರಿದ ದಿನ ನಿಮಗೆ ಕೊಡುವ ನೀಲಿ ಟೋಪಿ ಹಣೆಗೆ ಬಿಗಿಯುತ್ತದೆ. ಮೊದಲ ವಾರ ತಲೆನೋವು ಬರುತ್ತದೆ, ಆಮೇಲೆ ಅದು ತಲೆಯ ಮೇಲಿದೆ ಎನ್ನುವುದೇ ಮರೆತುಹೋಗುತ್ತದೆ. ಇದನ್ನು ಯಾರೂ ಹೇಳುವುದಿಲ್ಲವಾದ್ದರಿಂದ ನಾನು ಮೊದಲೇ ಹೇಳಿಬಿಟ್ಟೆ. ನನ್ನ ಹೆಸರು ಗಂಗಮ್ಮ, ತ್ಯಾಮಗೊಂಡ್ಲು ಕಡೆಯವಳು. ನೆಲಮಂಗಲದ ಹತ್ತಿರ ಈ ಮನರಂಜನಾ ಪಾರ್ಕು ಶುರುವಾದಾಗ ಅದರ ಅಡುಗೆಮನೆಗೆ ಈರುಳ್ಳಿ ಹೆಚ್ಚಲು ಸೇರಿದೆ. ಈಗ ಸಂಕ್ರಾಂತಿ ಕಳೆದ ಮೇಲೆ ಅದೇ ಅಡುಗೆಮನೆಯ ಉಸ್ತುವಾರಿ ಬಿಟ್ಟು ಮನೆಗೆ ಬಂದಿದ್ದೇನೆ. ನಡುವೆ ಯಾವ ವರ್ಷ ಏನಾದೆ ಎನ್ನುವುದನ್ನು ಕಟ್ಟಿಕೊಂಡು ನಿಮಗೇನಾಗಬೇಕು? ನಾನು ಎಲ್ಲಿ ಎಡವಿದೆ ಎನ್ನುವುದು ಬೇಕಾದರೆ ಉಪಯೋಗಕ್ಕೆ ಬಂದೀತು.

ಮುಚ್ಚಿಡುವುದೇನು, ಒಂದು ಮಗುವಿನ ಜೀವ ನನ್ನ ಕೈಯಿಂದಲೇ ಹೋಗುವುದರಲ್ಲಿತ್ತು. ಹೋಗಲಿಲ್ಲ. ಅದನ್ನು ಉಳಿಸಿದವರಿಗೂ, ಆಮೇಲೆ ನನ್ನನ್ನು ಉಳಿಸಿದವರಿಗೂ ನಾನು ಋಣಿ. ಇದನ್ನು ಬರೆಯಲು ಕೂತಿರುವುದಕ್ಕೆ ಅರ್ಧ ಕಾರಣ ಆ ಅಡುಗೆಮನೆಗೆ ಹೊಸದಾಗಿ ಬಂದ ನೀವು, ಇನ್ನರ್ಧ ಆ ಋಣ.

ಆಗ ನಮ್ಮ ಅಡುಗೆಮನೆಯ ಯಜಮಾನಿಕೆ ಭಟ್ಟರದ್ದು. ಘಾಟಿ ಸುಬ್ರಹ್ಮಣ್ಯದ ಛತ್ರದಲ್ಲಿ ಅಡುಗೆ ಮಾಡಿ ಪಳಗಿದ ಕೈ. ಅವರ ಸಾರು ಕುದಿಯುವಾಗ ಜಾರುಬಂಡೆಯ ನೀರಿನಲ್ಲಿ ಆಡುತ್ತಿದ್ದ ಮಕ್ಕಳೂ ಮೂಗು ಎತ್ತಿ ನೋಡುತ್ತಿದ್ದವು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಆದರೆ ಅವರ ಪಾತ್ರೆಯ ಹತ್ತಿರ ನಮ್ಮಂಥವರು ಸುಳಿಯುವ ಹಾಗಿರಲಿಲ್ಲ. ನನ್ನ ಸೌಟು ಅಪ್ಪಿತಪ್ಪಿ ಅವರ ಪಾತ್ರೆಗೆ ತಗುಲಿದರೆ ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ತೆಗೆದುಕೊಂಡು ಹೋಗಿ ತೊಳೆದು ತರುತ್ತಿದ್ದರು. ಬೈದಿದ್ದರೇ ವಾಸಿಯಿತ್ತು. ನನಗೆ ಮೈ ಉರಿದುಹೋಗುತ್ತಿತ್ತು.

ಪಾರ್ಕಿನ ಹಸಿವನ್ನು ನೀವು ಇನ್ನೂ ನೋಡಿಲ್ಲ. ಬೆಳಿಗ್ಗೆಯಿಂದ ನೀರಿನಲ್ಲಿ ಬಿದ್ದು ಎದ್ದ ಜನ ಮಧ್ಯಾಹ್ನ ಒಂದು ಗಂಟೆಗೆ ಒಟ್ಟಿಗೆ ಬರುತ್ತಾರೆ. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ನಿಂತ ಮಕ್ಕಳು, 'ಅಕ್ಕ, ಬೇಗ' ಎನ್ನುವ ಅಪ್ಪಂದಿರು. ಆ ಗದ್ದಲದ ನಡುವೆ ಯಾರಾದರೂ 'ನಮ್ಮ ಮಗೂಗೆ ಕಡಲೆಕಾಯಿ ಬೀಜ ಆಗಲ್ಲ' ಎಂದರೆ ನಮಗೆ ಏನು ಅರ್ಥವಾಗುತ್ತಿತ್ತು ಅಂತೀರಿ? ನಮ್ಮ ಕಡೆ ಬದನೆಕಾಯಿ ನಂಜು, ಕುಂಬಳಕಾಯಿ ಶೀತ. ಗಾಯ ಆದವರು ಅದನ್ನು ತಿನ್ನಬಾರದು, ಬಾಣಂತಿ ಇದನ್ನು ತಿನ್ನಬಾರದು. ಇದೆಲ್ಲ ಪಥ್ಯ. ಪಥ್ಯ ಎಂದರೆ ಸ್ವಲ್ಪ ಮುರಿದರೆ ನಡೆಯುತ್ತದೆ, ಅಜ್ಜಿ ನೋಡದಿದ್ದಾಗ ಒಂದು ತುತ್ತು ತಿಂದರೆ ಏನೂ ಆಗುವುದಿಲ್ಲ. ಅಲರ್ಜಿ ಎನ್ನುವುದೂ ಅಂಥದ್ದೇ ಒಂದು ಪಟ್ಟಣದ ಪಥ್ಯ ಎಂದುಕೊಂಡಿದ್ದೆವು.

ಹೀಗಾಗಿ ನಮ್ಮ ನಾಗರಾಜು, ಅವನು ಬಡಿಸುವ ಕೆಲಸದವನು, ಒಮ್ಮೆ ಕಡಲೆಕಾಯಿ ಬೀಜ ಆಗದವರಿಗೆ ಚಿತ್ರಾನ್ನದಿಂದ ಬೀಜಗಳನ್ನು ಒಂದೊಂದಾಗಿ ಆರಿಸಿ ತೆಗೆದು ಕೊಟ್ಟ. ಹತ್ತು ನಿಮಿಷ ಕೂತು ಆರಿಸಿದ್ದ, ಪಾಪ. ಆ ಮನುಷ್ಯ ತಟ್ಟೆ ನೋಡಿದರು, ಅನ್ನದ ತಳದಲ್ಲಿ ಒಂದು ಕೆಂಪು ಸಿಪ್ಪೆ ಕಂಡಿತು, ಎದ್ದು ಹೋದರು. ನಾಗರಾಜು ಒಳಗೆ ಬಂದು, "ಎಷ್ಟು ಕೊಬ್ಬು ನೋಡಕ್ಕ ಅವ್ರಿಗೆ, ಅಷ್ಟು ಕಷ್ಟಪಟ್ಟು ಆರ್ಸಿ ಕೊಟ್ಟೆ" ಎಂದ. ನಾನೂ "ಹೋಗ್ಲಿ ಬಿಡೋ" ಎಂದೆ. ಬೀಜ ಹುರಿದ ಎಣ್ಣೆಯಲ್ಲೇ ಆ ಅನ್ನ ಕಲಸಿದ್ದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಇನ್ನು ಆ ಮಗುವಿನ ವಿಷಯಕ್ಕೆ ಬರುತ್ತೇನೆ.

ಒಂದು ಬೇಸಿಗೆ ರಜೆಯಲ್ಲಿ ಗೇಟಿನಿಂದ ಫೋನು ಬಂತು. ಹೊರಗಿನ ಊಟ ಒಳಗೆ ತರುವಂತಿಲ್ಲ ಎನ್ನುವುದು ಪಾರ್ಕಿನ ನಿಯಮ. ಒಬ್ಬ ಹೆಂಗಸು ಒಂದು ಚೀಲದ ತುಂಬ ಡಬ್ಬಿ, ಅಕ್ಕಿ, ಬೇಳೆ, ಚಿಕ್ಕದೊಂದು ಕರೆಂಟಿನ ಕುಕ್ಕರು ಹೊತ್ತು ಬಂದಿದ್ದಾರೆ, ಹೊರಗೇ ಇಡಿ ಎಂದರೆ ಕೇಳುತ್ತಿಲ್ಲ. ನಮ್ಮ ಮ್ಯಾನೇಜರು ರೆಹಮಾನ್ ಸಾಹೇಬರು ನನ್ನನ್ನೂ ಕರೆದುಕೊಂಡು ಹೋದರು. ತುಮಕೂರಿನ ಸುಮಾ ಎನ್ನುವವರು, ಗಂಡ, ಆರು ವರ್ಷದ ಮಗಳು ಚಿನ್ಮಯಿ. ಮೂರು ದಿನ ನಮ್ಮ ರೂಮುಗಳಲ್ಲಿ ಉಳಿಯಲು ಬಂದಿದ್ದರು. ಮಗುವಿಗೆ ಹಾಲು ಆಗುವುದಿಲ್ಲ, ಒಂದು ಹನಿ ಹೋದರೂ ಉಸಿರು ಕಟ್ಟುತ್ತದೆ, ಅದಕ್ಕೇ ಅಡುಗೆ ಸಾಮಾನು ತಂದಿದ್ದೇವೆ ಎಂದು ಸುಮಾ ಹೇಳಿದರು. ಹೇಳುವಾಗ ದನಿಯಲ್ಲಿ ಜಗಳವಿರಲಿಲ್ಲ. ಎಷ್ಟು ಕಡೆ ಎಷ್ಟು ಸಲ ಹೇಳಿ ದಣಿದಿದ್ದರೋ ಏನೋ. ಸಾಹೇಬರು ಚೀಲವನ್ನು ಒಳಗೆ ಬಿಡಲು ಹೇಳಿದರು.

ಎರಡು ಹೊತ್ತು ಅವರದೇ ಊಟ ನಡೆಯಿತು. ಎರಡನೆಯ ದಿನ ರೂಮಿನಲ್ಲಿ ಕುಕ್ಕರು ಕೆಟ್ಟಿತು. ಅದಕ್ಕಿಂತ ಹೆಚ್ಚಾಗಿ, ಮಗು ಹಟ ಹಿಡಿದಿತ್ತು. ನಮ್ಮ ಊಟದ ಕೋಣೆಯಲ್ಲಿ ಆನೆ, ಜಿರಾಫೆ ಚಿತ್ರದ ತಟ್ಟೆಗಳಿದ್ದವು. ಬೇರೆ ಮಕ್ಕಳೆಲ್ಲ ಅದರಲ್ಲಿ ತಿನ್ನುವಾಗ ತಾನೊಬ್ಬಳೇ ಸ್ಟೀಲ್ ಡಬ್ಬಿಯಲ್ಲಿ ತಿನ್ನುವುದಿಲ್ಲ ಎಂದು. ಸುಮಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅಕ್ಕಾ, ಬರೀ ಅನ್ನ ಬೇಳೆಸಾರು ಸಾಕು. ಹಾಲು, ಮೊಸರು, ಬೆಣ್ಣೆ ಏನೂ ಸೋಕ್ಬಾರ್ದು. ಮಾಡ್ಕೊಡೋಕಾಗುತ್ತಾ? ಆಗಲ್ಲ ಅಂದ್ರೆ ಆಗಲ್ಲ ಅಂತ್ಲೇ ಹೇಳ್ಬಿಡಿ, ಬೇಜಾರಿಲ್ಲ."

"ಅಯ್ಯೋ, ಅದೇನು ಮಹಾ ಕಣಮ್ಮ, ನಾನೇ ನಿಂತು ಮಾಡ್ಕೊಡ್ತೀನಿ," ಎಂದೆ.

ಮಾಡಿದೆ ಕೂಡ. ಹೊಸ ಪಾತ್ರೆ ತೆಗೆದೆ, ಸೌಟು ಬಿಸಿನೀರಿನಲ್ಲಿ ತೊಳೆದೆ, ಬೇರೆ ಒಲೆಯ ಮೇಲೆ ಅನ್ನ ಬೇಯಿಸಿದೆ, ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟೆ. ಯಾರನ್ನೂ ಹತ್ತಿರ ಬಿಡಲಿಲ್ಲ. ಜಿರಾಫೆ ತಟ್ಟೆಗೆ ಅನ್ನ ಹಾಕಿದೆ, ಸಾರು ಹಾಕಿದೆ. ನೋಡಿದೆ. ಬೋಳು ಬೋಳಾಗಿ ಕಾಣಿಸಿತು. ನಮ್ಮ ಮನೆಗಳಲ್ಲಿ ಮಗುವಿನ ಅನ್ನಕ್ಕೆ ತುಪ್ಪ ಹಾಕದೆ ಕೊಟ್ಟರೆ ಅದು ಊಟವಲ್ಲ, ಮಲತಾಯಿ ಬಡಿಸಿದ ಹಾಗೆ. ಸಣಕಲು ಮಗು ಬೇರೆ, ಹಾಲು ಮೊಸರು ಏನೂ ಕಾಣದ್ದು. ಪಾಪ ಅನ್ನಿಸಿ ಒಂದು ಚಮಚ ತುಪ್ಪ ಬಿಟ್ಟೆ.

ನಂಬಿ, ಆ ಗಳಿಗೆಯಲ್ಲಿ ನಾನು ತಪ್ಪು ಮಾಡುತ್ತಿದ್ದೇನೆ ಎನ್ನುವ ಅಳುಕು ಎಳ್ಳಷ್ಟೂ ಇರಲಿಲ್ಲ. ಹಾಲು ಹಾಲು, ತುಪ್ಪ ತುಪ್ಪ. ಮೊಸರು ಬೇಡವೆಂದವರಿಗೂ ನಾವು ತುಪ್ಪ ಹಾಕುತ್ತೇವೆ, ಶೀತವಾದವರಿಗೂ ಹಾಕುತ್ತೇವೆ. ಪಕ್ಕದಲ್ಲಿದ್ದ ಭಟ್ಟರೂ ನೋಡಿ, ಸರಿಯಾಯಿತು ಎನ್ನುವಂತೆ ತಲೆಯಾಡಿಸಿದರು. ಅವರ ಲೆಕ್ಕದಲ್ಲಿ ತುಪ್ಪ ಬಿದ್ದಮೇಲೆ ಅನ್ನಕ್ಕೆ ಶುದ್ಧಿ.

ನಾಗರಾಜು ತಟ್ಟೆ ಇಟ್ಟು ಬಂದು ಐದು ನಿಮಿಷವೂ ಆಗಿರಲಿಲ್ಲ, ಹೊರಗೆ ಕುರ್ಚಿ ಬಿದ್ದ ಸದ್ದಾಯಿತು. ಓಡಿದೆ. ಮಗುವಿನ ಕತ್ತಿನ ತುಂಬ ಕೆಂಪು ದದ್ದು, ಕೆಳತುಟಿ ಊದಿದೆ, ಕೆಮ್ಮು ನಿಲ್ಲುತ್ತಿಲ್ಲ. ಸುಮಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ತಮ್ಮ ಕೈಚೀಲದಿಂದ ಇಂಥ ಹೊತ್ತಿಗೆಂದೇ ಔಷಧಿ ತುಂಬಿಟ್ಟ ಸಿರಿಂಜು ತೆಗೆದು ಹಿಡಿದಿದ್ದರು. ಗಂಡ ಅವರ ಕೈ ತಡೆಯುತ್ತಿದ್ದರು. ಬೆಳಿಗ್ಗೆ ಈಜುಕೊಳದ ನೀರಿಗೂ ಮಗುವಿನ ಮೈ ಹೀಗೇ ಕೆಂಪಾಗಿತ್ತಂತೆ, ನೀರು ಕುಡಿದು ಕೆಮ್ಮಿತ್ತಂತೆ. "ಇದೂ ಅದೇ ಇರ್ಬೋದು ಸುಮಾ, ಸುಮ್ನೆ ಚುಚ್ಬೇಡ, ಊಟದಲ್ಲೇನೂ ಇಲ್ವಲ್ಲ" ಎನ್ನುತ್ತಿದ್ದರು.

ಸುಮಾ ತಲೆ ಎತ್ತಿ ನಮ್ಮನ್ನು ನೋಡಿದರು. "ಏನು ಹಾಕಿದ್ರಿ ಇದಕ್ಕೆ?"

"ಏನೂ ಇಲ್ಲ ಮೇಡಂ, ಎಲ್ಲಾ ಬೇರೇನೇ ಮಾಡಿದ್ದು," ಎಂದ ನಾಗರಾಜು.

"ಒಂದೂ ಬಿಡ್ದೆ ಹೇಳಿ. ಎಲ್ಲಾ ಹೇಳಿ."

ನಾನು ಶುರು ಮಾಡಿದೆ. ಅಕ್ಕಿ, ತೊಗರಿಬೇಳೆ, ಉಪ್ಪು, ಅರಿಶಿನ, ಎಣ್ಣೆ, ಸಾಸಿವೆ, ಕರಿಬೇವು. ಅಷ್ಟು ಹೇಳಿ ನಿಂತೆ. ಉಳಿದದ್ದು ಒಂದೇ. ಅದು ಬಾಯಿಗೆ ಬರುವ ಹೊತ್ತಿಗೆ ನನಗೇ ತಿಳಿದುಹೋಯಿತು. ನಾಗರಾಜುವಿಗೂ ತಿಳಿಯಿತು, ತಟ್ಟೆ ಒಯ್ದವನು ಅವನೇ ಅಲ್ಲವೇ. ಬೇಡ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದ. ಸಾಹೇಬರು ಪಕ್ಕದಲ್ಲೇ ನಿಂತಿದ್ದರು. ಕೆಲಸ ಹೋಗುತ್ತದೆ, ಪೊಲೀಸು ಬರುತ್ತದೆ, ತ್ಯಾಮಗೊಂಡ್ಲುವಿಗೆಲ್ಲ ಸುದ್ದಿ ಆಗುತ್ತದೆ. ಎಲ್ಲವೂ ತಲೆಯೊಳಗೆ ಬಂದು ಹೋದವು, ಸುಳ್ಳು ಹೇಳಲಾರೆ. ಮಗು ಇನ್ನೊಮ್ಮೆ ಕೆಮ್ಮಿತು.

"ತುಪ್ಪ ಹಾಕ್ದೆ ಕಣಮ್ಮ," ಎಂದೆ. "ಒಂದು ಚಮ್ಚ. ನಾನೇ ಹಾಕ್ದೆ."

ಸುಮಾ ಆಮೇಲೆ ಯಾರ ಮುಖವನ್ನೂ ನೋಡಲಿಲ್ಲ. ಗಂಡನ ಕೈ ಸರಿಸಿ ಮಗುವಿನ ತೊಡೆಗೆ ಚುಚ್ಚಿದರು.

ಪಾರ್ಕಿನ ನರ್ಸು ಬಂದರು, ಮಗುವನ್ನು ಎಬ್ಬಿಸಿ ನಡೆಸಬೇಡಿ ಎಂದರು, ಆಂಬುಲೆನ್ಸಿನಲ್ಲಿ ಅವರನ್ನು ನೆಲಮಂಗಲದ ಆಸ್ಪತ್ರೆಗೆ ಕರೆದೊಯ್ದರು. ನಾನೂ ಸಾಹೇಬರೂ ಹಿಂದೆ ಕಾರಿನಲ್ಲಿ ಹೋದೆವು. ಹೊರಗಿನ ಬೆಂಚಿನ ಮೇಲೆ ಕೂತಾಗ ಕೈ ನೋಡಿಕೊಂಡೆ, ಬೆರಳಿನಲ್ಲಿ ಇನ್ನೂ ತುಪ್ಪದ ಜಿಡ್ಡಿತ್ತು. ಆ ಬೆಂಚಿನ ಮೇಲೆ ಅತ್ತಷ್ಟು ನಾನು ನಮ್ಮಮ್ಮ ಸತ್ತಾಗಲೂ ಅತ್ತಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಡಾಕ್ಟರು ಹೊರಗೆ ಬಂದರು. ಮಗು ಉಸಿರಾಡುತ್ತಿದೆ, ಚೆನ್ನಾಗಿದೆ, ಇಂಜೆಕ್ಷನ್ ಸರಿಯಾದ ಹೊತ್ತಿಗೆ ಬಿತ್ತು, ಇನ್ನೊಂದು ಹತ್ತು ನಿಮಿಷ ಅನುಮಾನಿಸಿದ್ದರೆ ಕಷ್ಟವಿತ್ತು ಎಂದರು. ತುಪ್ಪ ಎಷ್ಟು ಕಾಸಿದರೂ ಅದರಲ್ಲಿ ಹಾಲಿನ ಅಂಶ ಒಂಚೂರು ಉಳಿದೇ ಇರುತ್ತದೆ, ಈ ಮಗುವಿಗೆ ಅಷ್ಟು ಸಾಕು ಎಂದರು. ಐವತ್ತು ವರ್ಷ ಹತ್ತಿರ ಬಂದ ಹೆಂಗಸು ನಾನು, ಎಮ್ಮೆ ಕರೆದು, ಬೆಣ್ಣೆ ಕಡೆದು, ತುಪ್ಪ ಕಾಸಿ ಬೆಳೆದವಳು. ಅದು ಎಲ್ಲಿಂದ ಬಂತು ಎನ್ನುವುದನ್ನು ಒಬ್ಬ ಡಾಕ್ಟರು ಹೇಳಿಕೊಡಬೇಕಾಯಿತು.

ವಾಪಸು ಬರುವಾಗ ಸಾಹೇಬರು ಬೈಯುತ್ತಾರೆಂದು ಕಾದೆ. ಅವರು ರಸ್ತೆ ನೋಡುತ್ತಾ, "ಗಂಗಮ್ಮಾ, ನಿಮ್ ಜಾಗದಲ್ಲಿ ನಾನಿದ್ದಿದ್ರೆ ಹೇಳ್ತಿದ್ನೋ ಇಲ್ವೋ. ಪಾರ್ಕಿನ ಹೆಸರು ಅಂತ ಎರಡು ನಿಮಿಷ ಯೋಚ್ನೆ ಮಾಡ್ತಿದ್ದೆ. ಎರಡು ನಿಮಿಷ ದೊಡ್ದಾಗ್ಬಿಡ್ತಿತ್ತು" ಎಂದರು. ನನಗೆ ಎಷ್ಟೋ ಮೇಲಧಿಕಾರಿಗಳು ಬಂದು ಹೋದರು. ತನ್ನ ಬಗ್ಗೆ ಅಷ್ಟು ನಿಜವನ್ನು ಕೈಕೆಳಗಿನವಳ ಮುಂದೆ ಆಡಿದವರು ಅವರೊಬ್ಬರೇ.

ಮೇಲಿನವರಿಂದ ವಿಚಾರಣೆ ಶುರುವಾಯಿತು. ನನಗೆ ಕೆಲಸಕ್ಕೆ ಬರಬೇಡಿ, ಹೇಳಿ ಕಳಿಸುತ್ತೇವೆ ಎಂದರು. ಮೂರನೆಯ ವಾರ ಸಾಹೇಬರು ಫೋನು ಮಾಡಿ ಕರೆಸಿದರು. ಸುಮಾ ಅವರಿಂದ ಪತ್ರ ಬಂದಿತ್ತು. ಅಲ್ಲೇ ನಿಂತು ಬಿಡಿಸಿದೆ. ಅದರಲ್ಲಿ ಬೈಗುಳ ಇರಲಿಲ್ಲ. ಎರಡು ಹಾಳೆ ತುಂಬ ಗುಂಡು ಅಕ್ಷರದಲ್ಲಿ ಒಂದು ಪಟ್ಟಿ: ಹಾಲು ಎಲ್ಲೆಲ್ಲಿ ಅಡಗಿರುತ್ತದೆ ಎಂದು. ರವೆ ಇಡ್ಲಿಯ ಮೊಸರು, ಚಪಾತಿಗೆ ಸವರುವ ತುಪ್ಪ, ಬನ್ನಿನ ಮೇಲಿನ ಹೊಳಪು, ಬಿಸ್ಕತ್ತು, ಮೊಸರನ್ನ ಬಡಿಸಿದ ಸೌಟು, ಬೆಣ್ಣೆ ದೋಸೆ ಹುಯ್ದ ಕಾವಲಿ, ಒಲೆಯ ಪಕ್ಕ ಉಕ್ಕಿದ ಹಾಲಿನ ಹನಿ. ಕೊನೆಯಲ್ಲಿ ಎರಡೇ ಸಾಲು. 'ಗಂಗಮ್ಮ ಅವರನ್ನು ದಯವಿಟ್ಟು ಕೆಲಸದಿಂದ ತೆಗೆಯಬೇಡಿ. ಕೇಳಿದಾಗ ಅವರು ನಿಜ ಹೇಳಿದರು.'

ಇವತ್ತೂ ಆ ಹಾಳೆಗಳು ಪ್ಲಾಸ್ಟಿಕ್ಕಿನೊಳಗೆ ಅಡುಗೆಮನೆಯ ಗೋಡೆಯ ಮೇಲಿವೆ. ಕೊನೆಯ ಎರಡು ಸಾಲನ್ನು ನಾನು ಮಡಿಸಿ ಒಳಗೆ ಹಾಕಿಸಿದ್ದೇನೆ, ಅದು ನನ್ನ ಸ್ವಂತದ್ದು.

ಆಮೇಲೆ ನಮಗೆಲ್ಲ ತರಬೇತಿ ಕೊಡಲು ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದಳು. ಗೋಡೆಯ ಮೇಲೆ ಚಿತ್ರ ಬಿಟ್ಟು, ಅರ್ಧ ಇಂಗ್ಲಿಷಿನಲ್ಲಿ, ಒಂದು ಪದಾರ್ಥದ ಕಣ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂದು ಹೇಳಿದಳು. ಒಳ್ಳೆಯ ಹುಡುಗಿ, ಆದರೆ ನಮ್ಮವರು ಆಕಳಿಸುತ್ತಿದ್ದರು. ಕಣ್ಣಿಗೆ ಕಾಣದ್ದು, ತೊಳೆದರೂ ಹೋಗದ್ದು, ಮುಟ್ಟಿದರೆ ಅಂಟುವುದು ಎಂದರೆ ಯಾರಿಗೆ ತಲೆಗೆ ಹೋಗುತ್ತದೆ? ಆಗ ಅಲ್ಲಿವರೆಗೂ ಬಾಯಿ ಬಿಡದಿದ್ದ ಭಟ್ಟರು ಎದ್ದು ನಿಂತರು.

"ಇದು ಮಡಿ ಕಣ್ರಯ್ಯ," ಎಂದರು. "ಮೈಲಿಗೆ ಸೌಟು ಮಡಿ ಪಾತ್ರೆಗೆ ತಗುಲಿದ್ರೆ ಇಡೀ ಪಾತ್ರೆ ಹೋಯ್ತು. ಒಂಚೂರು ತಗುಲ್ತು ಅನ್ನೋ ಮಾತಿಲ್ಲ. ಅಷ್ಟೇ ಇದು. ಇಷ್ಟು ವರ್ಷ ನಾನು ಯಾರ್ಯಾರನ್ನೋ ದೂರ ಇಡೋಕೆ ಮಡಿ ಮಾಡ್ದೆ. ಇದು ಒಂದು ಕೂಸಿನ ಜೀವಕ್ಕೆ ಮಾಡೋ ಮಡಿ."

ಎಲ್ಲರ ಆಕಳಿಕೆ ನಿಂತಿತು. ಮಡಿ ಎಂದರೆ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ, ಮಾಡಿದವರಿಗೂ ಗೊತ್ತು, ಮಾಡಿಸಿಕೊಂಡವರಿಗೂ ಗೊತ್ತು. ಮೂಲೆಯಲ್ಲಿ ಒಂದು ಒಲೆ, ಅದಕ್ಕೇ ಬೇರೆ ಬಾಣಲೆ, ಹಲಗೆ, ಚಾಕು, ಎಣ್ಣೆ, ಒರೆಸುವ ಬಟ್ಟೆ ಎಲ್ಲ ಮೀಸಲಾಯಿತು. ಅದರ ಮುಂದೆ ನಿಲ್ಲುವ ಮುಂಚೆ ಕೈ ತೊಳೆದು, ಮುಂಗವಚ ಬದಲಿಸಬೇಕು. ಯಾರೂ ಹೆಸರಿಡದೆಯೇ ಅದು ಮಡಿ ಒಲೆ ಆಯಿತು. ಮೊದಲ ದಿನ ಅದರ ಸೌಟನ್ನು ಭಟ್ಟರು ತೊಳೆದು ತಂದು ನನ್ನ ಕೈಗೆ ಕೊಟ್ಟರು. "ನೀವೇ ನೋಡ್ಕೋಬೇಕಮ್ಮ ಇದನ್ನ" ಎಂದರು. ಹಳೆಯ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಕಣ್ಣು ತುಂಬಿತು. ಈರುಳ್ಳಿ ಅಂದುಕೊಂಡಿರಬೇಕು ಅವರು.

ಮಡಿ ಒಲೆ ಬಂದಮೇಲೂ ತಪ್ಪುಗಳಾದವು. ಗೋಧಿ ಆಗದ ಒಬ್ಬ ಅಜ್ಜನಿಗೆ ಸಾರು ಮಾಡಿ, ಬಡಿಸುವ ಮುಂಚೆ ಭಟ್ಟರು ಇಂಗಿನ ಡಬ್ಬಿ ತಿರುಗಿಸಿ ಓದಿದರು. ಒಳಗೆ ಮೈದಾ ಬೆರೆಸಿದ್ದಾರೆ ಎಂದು ಸಣ್ಣ ಅಕ್ಷರದಲ್ಲಿತ್ತು. ಪಾತ್ರೆ ಪೂರ್ತಿ ಚೆಲ್ಲಿ ಮತ್ತೆ ಮಾಡಿದೆವು. ಜನ ಅರ್ಧ ಗಂಟೆ ಕಾದರು, ಕೂಗಾಡಿದರು. ಕೂಗಾಡಲಿ ಬಿಡಿ. ಅಂದಿನಿಂದ ಡಬ್ಬಿಯ ಹಿಂಬದಿ ಓದದೆ ಏನೂ ಒಲೆಗೆ ಹೋಗುವಂತಿಲ್ಲ ಎಂದು ಮಾಡಿದೆವು.

ಇನ್ನೊಬ್ಬರು ದಪ್ಪ ಮೀಸೆಯವರು, ನನಗೆ ಬದನೆಕಾಯಿ ಭಾರಿ ಅಲರ್ಜಿ ಎಂದು ನಾಲ್ಕು ಜನರನ್ನು ಓಡಾಡಿಸಿದರು. ಅವರಿಗೆಂದೇ ಬೇರೆ ಪಲ್ಯ ಮಾಡಿದೆವು. ಸಂಜೆ ನೋಡಿದರೆ ಹೆಂಡತಿಯ ತಟ್ಟೆಯಿಂದ ವಾಂಗೀಬಾತ್ ಮುಕ್ಕುತ್ತಿದ್ದಾರೆ. ನಾಗರಾಜು ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಆದರೆ ಮುಂದಿನವರು ಬಂದು ಬದನೆಕಾಯಿ ಆಗಲ್ಲ ಎಂದರೂ ಒಲೆ ಹಚ್ಚಲೇಬೇಕು. ಯಾರದು ನಾಟಕ, ಯಾರದು ನಿಜ ಎಂದು ಪರೀಕ್ಷೆ ಮಾಡುವುದು ನಮ್ಮ ಕೆಲಸವಲ್ಲ, ಪರೀಕ್ಷೆ ತಪ್ಪಿದರೆ ಏನಾಗುತ್ತದೆ ಎಂದು ನಾನು ನೋಡಿದ್ದೇನೆ.

ಈಗ ನಿಮಗೆ ಎಲ್ಲ ಸಲೀಸು. ರೂಮು ಕಾದಿರಿಸುವಾಗಲೇ ಯಾರಿಗೆ ಏನು ಆಗುವುದಿಲ್ಲ ಎಂದು ಫೋನಿನಲ್ಲೇ ಬರೆದು ಕಳಿಸುತ್ತಾರೆ, ಗೋಡೆಯ ಪರದೆಯಲ್ಲಿ ಕೆಂಪು ಅಕ್ಷರದಲ್ಲಿ ಬರುತ್ತದೆ. ಒಳ್ಳೆಯದೇ. ನಾನು ಆ ಪರದೆಗೆ ಬೈದವಳಲ್ಲ. ಆದರೆ ಅವತ್ತು ನನಗೂ ಮಾಹಿತಿ ಕಡಿಮೆ ಇರಲಿಲ್ಲ, ತಾಯಿಯೇ ಬಂದು ಎದುರಿಗೆ ನಿಂತು ಹೇಳಿದ್ದಳು. ಚಮಚ ಎತ್ತಿದ್ದು ನನ್ನ ಕೈ. ನಿಮ್ಮ ಕೈಗೂ ಅಂಥ ರೂಢಿಗಳಿವೆ. ಕೊತ್ತಂಬರಿ ಉದುರಿಸುವುದು, ಗೋಡಂಬಿ ಇಡುವುದು, ಪಕ್ಕದ ಸೌಟು ಎತ್ತಿಕೊಳ್ಳುವುದು. ತಟ್ಟೆ ಬಾಗಿಲು ದಾಟುವ ಮುಂಚೆ ಆ ಕೊನೆಯ ಗಳಿಗೆಯಲ್ಲಿ ಒಮ್ಮೆ ನಿಂತು ನೋಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಆಗದಿದ್ದರೆ ಆಗಲ್ಲ ಎನ್ನಿ. ಅದೇನು ಮಹಾ ಎಂದು ಮಾತ್ರ ಅನ್ನಬೇಡಿ.

ಸುಮಾ ಅವರ ಮನೆಯವರು ಎರಡು ವರ್ಷ ಬರಲಿಲ್ಲ. ಮೂರನೆಯ ವರ್ಷ ಬಂದರು, ಕುಕ್ಕರು ಇಲ್ಲದೆ. ಏನಾದರೂ ಕೇಳಬೇಕಲ್ಲ ಎಂದು, "ಬೇರೆ ಎಲ್ಲಾದ್ರೂ ಹೋಗ್ಬೋದಿತ್ತಲ್ಲಮ್ಮ, ನಾನು ಹಂಗೆ ಮಾಡಿದ್ಮೇಲೂ ಇಲ್ಲಿಗ್ಯಾಕೆ ಬಂದ್ರಿ?" ಎಂದೆ. ಸುಮಾ, "ಎಲ್ಲಾ ಕಡೆ ಏನೂ ಹಾಕಿಲ್ಲ ಮೇಡಂ ಅಂತಾರೆ ಅಕ್ಕ. ನನಗೆ ಅದಕ್ಕೇ ಭಯ" ಎಂದರು. ಅಂದು ಮಡಿ ಒಲೆಯ ಮುಂದೆ ನಿಂತು ಅನ್ನ ಸಾರು ಮಾಡುವಾಗ ಪ್ರತಿ ಡಬ್ಬಿಯ ಹಿಂಬದಿಯನ್ನೂ ಎರಡೆರಡು ಸಲ ಓದಿದೆ. ಮಗು ಎರಡನೆಯ ಸಲ ಹಾಕಿಸಿಕೊಂಡಿತು. ಆಮೇಲೆ ಪ್ರತಿ ಬೇಸಿಗೆಗೂ ಬಂದರು.

ನಾನು ಕೆಲಸ ಬಿಡುವ ವಾರ ಅವರಿಗೆ ತಿಳಿದು, ತುಮಕೂರಿನಿಂದ ನೋಡಲೆಂದೇ ಬಂದರು. ಚಿನ್ಮಯಿ ಈಗ ತಾಯಿಯ ಎತ್ತರ. ಕೌಂಟರಿಗೆ ಅವಳೇ ಬಂದು, ತಾಯಿ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ತಾನೇ ಕೇಳಿದಳು. ನಾನು ಒಂದೊಂದಕ್ಕೂ ಹೇಳಿದೆ. ಊಟ ಮುಗಿಸಿ, ಕೈ ತೊಳೆದು ಮತ್ತೆ ಬಂದಳು.

"ಆಂಟಿ, ಆವತ್ತು ತುಪ್ಪ ಹಾಕಿದ್ದು ನೀವಂತೆ. ಅಮ್ಮ ಹೋದ್ವಾರ ಹೇಳಿದ್ರು."

"ಹೂಂ ಕಣವ್ವ. ನಾನೇ."

ಸಿಟ್ಟಾಗುತ್ತಾಳೆ ಎಂದುಕೊಂಡೆ, ಆಗಲಿ ಎಂದೂ ಅಂದುಕೊಂಡೆ. ಅವಳು ಒಳಗೆ ಕೆಲಸ ಮಾಡುತ್ತಿದ್ದ ನಿಮ್ಮನ್ನೆಲ್ಲ ಒಮ್ಮೆ ಇಣುಕಿ ನೋಡಿ, "ನೀವು ಹೋದ್ಮೇಲೆ ಇಲ್ಲಿ ನನಗೆ ಯಾರು ನಿಜ ಹೇಳ್ತಾರೆ?" ಎಂದಳು.

ತಲೆ ಸವರಿ ಕಳಿಸಿದೆ. ಈ ಬೇಸಿಗೆಗೂ ಅವಳು ಬರುತ್ತಾಳೆ. ಕೌಂಟರಿಗೆ ಬಂದು, ಇದಕ್ಕೆ ಏನೇನು ಹಾಕಿದ್ದೀರಿ ಎಂದು ಕೇಳುತ್ತಾಳೆ. ಆಗ ಅಲ್ಲಿ ನಿಂತಿರುವುದು ನೀವು.